ಸ್ಪಷ್ಟತೆಯ ಮಾನದಂಡ: ಮಸ್ಕಿಯ ಬಂಡೆಯಿಂದ ಹಳ್ಳಿಯ ದೂರದರ್ಶನದವರೆಗೆ

ಒಂದು ಚಿತ್ರವನ್ನು ಸ್ಪಷ್ಟವೆಂದೂ ಒಂದು ಧ್ವನಿಮುದ್ರಿಕೆಯನ್ನು ಉತ್ತಮವೆಂದೂ ನಾವು ಕರೆಯುವಾಗ ನಮ್ಮ ಮನಸ್ಸಿನಲ್ಲಿ ಒಂದು ಅಳತೆಗೋಲು ಇರುತ್ತದೆ. ಅದು ಕಣ್ಣು ಕಿವಿಗಳೊಡನೆಯೇ ಹುಟ್ಟಿ ಬಂದುದೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವವಾಗಿ ಅದು ನಾವು ಅದುವರೆಗೆ ಬಳಸಿದ ಉಪಕರಣಗಳಿಂದ ರೂಪುಗೊಂಡುದು. ಉಪಕರಣ ಸೂಕ್ಷ್ಮವಾದಂತೆ ಅಳತೆಗೋಲೂ ಬದಲಾಗುತ್ತದೆ. ನಿನ್ನೆ ನಿರ್ದುಷ್ಟವೆನಿಸಿದ ಚಿತ್ರ ಇಂದು ಮಸುಕಾಗಿ ತೋರುತ್ತದೆ. ಚಿತ್ರದಲ್ಲಿ ಯಾವ ವ್ಯತ್ಯಾಸವೂ ಆಗಿರುವುದಿಲ್ಲ. ವ್ಯತ್ಯಾಸವಾದುದು ನೋಡುವವನ ನಿರೀಕ್ಷೆ.

ಈ ನಿರೀಕ್ಷೆಗೂ ಒಂದು ಚರಿತ್ರೆಯುಂಟು. ಅದನ್ನು ವಿಚಾರಿಸುವುದು ಕೇವಲ ಕುತೂಹಲದ ವಿಷಯವಲ್ಲ. ಇಂದಿನ ಚರಿತ್ರೆಯ ವಿದ್ಯಾರ್ಥಿ ಶಾಸನವನ್ನಾಗಲಿ, ಹಳೆಯ ಹಾಡನ್ನಾಗಲಿ, ಹಿರಿಯರ ಹೇಳಿಕೆಯನ್ನಾಗಲಿ ಮೊದಲು ಕಾಣುವುದು ಅಥವಾ ಕೇಳುವುದು ಹೊಳೆಯುವ ತೆರೆಯ ಮೂಲಕ. ಆ ತೆರೆಗೆ ಒಗ್ಗಿದ ಕಣ್ಣು ಮಸುಕಾದ ಆಧಾರವನ್ನು ದುರ್ಬಲವಾದ ಆಧಾರವೆಂದು ತೀರ್ಮಾನಿಸುವ ಅಪಾಯವಿದೆ. ಸ್ಪಷ್ಟತೆ ಬೇರೆ, ಪ್ರಾಮಾಣ್ಯ ಬೇರೆ. ಈ ಭೇದವನ್ನು ರಾಯಚೂರು ಸೀಮೆಯ ಎರಡು ಪ್ರಸಂಗಗಳಿಂದಲೂ, ಅವುಗಳ ನಡುವಣ ಕಾಲದ ಧ್ವನಿಮುದ್ರಣದ ಚರಿತ್ರೆಯಿಂದಲೂ ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

1. ಕಲ್ಲು ಮತ್ತು ಅದರ ಪ್ರತಿ

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ನಿಜಾಮರ ಆಳ್ವಿಕೆಯಲ್ಲಿ ಒಂದು ಸಣ್ಣ ಸಂಸ್ಥಾನದ ಕೇಂದ್ರವಾಗಿದ್ದ ಊರು. ಅದರ ಸಮೀಪದಲ್ಲಿಯೇ ಹಟ್ಟಿಯ ಚಿನ್ನದ ಗಣಿಗಳಿವೆ. ಈ ಸೀಮೆಗೆ ಹೊರಗಿನವರನ್ನು ಕರೆತಂದುದು ಬಹುಮಟ್ಟಿಗೆ ಚಿನ್ನವೇ. 1915ರ ಜನವರಿಯಲ್ಲಿ ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಮೊದಲು ಗಮನಿಸಿದ ಸಿ. ಬೀಡನ್ ಅವರೂ ವೃತ್ತಿಯಿಂದ ಗಣಿ ಎಂಜಿನಿಯರರು. ಆ ಬರಹವನ್ನು ಎಚ್. ಕೃಷ್ಣಶಾಸ್ತ್ರಿಗಳು ಓದಿ, ಅದೇ ವರ್ಷ ಹೈದರಾಬಾದು ಪುರಾತತ್ವ ಗ್ರಂಥಮಾಲೆಯ ಮೊದಲನೆಯ ಸಂಚಿಕೆಯಾಗಿ ಪ್ರಕಟಿಸಿದರು. ‘ದೇವಾನಂಪಿಯ’ ಎಂಬ ಬಿರುದಿನೊಡನೆ ‘ಅಶೋಕ’ ಎಂಬ ಹೆಸರು ಶಿಲಾಲೇಖನದಲ್ಲಿ ಮೊದಲು ದೊರೆತುದು ಇಲ್ಲಿಯೇ ಎಂಬುದು ಎಲ್ಲರಿಗೂ ವಿದಿತವಾದ ಸಂಗತಿ.

ನಮ್ಮ ವಿಚಾರಕ್ಕೆ ಮುಖ್ಯವಾದುದು ಈ ಹೆಸರಲ್ಲ, ಅದು ಪಂಡಿತರ ಕೈಸೇರಿದ ಬಗೆ. ಬಂಡೆ ಮಸ್ಕಿಯಲ್ಲಿಯೇ ಉಳಿಯಿತು. ಲೋಕಕ್ಕೆ ಹೋದುದು ಅದರ ಪ್ರತಿ. ಆ ಪ್ರತಿ ಹೇಗಿರಬೇಕೆಂಬ ನಿರೀಕ್ಷೆ 1915ರ ಹೊತ್ತಿಗೆ ಮೂರು ಹಂತಗಳನ್ನು ದಾಟಿತ್ತು.

ಮೊದಲನೆಯದು ಕಣ್ಣಿನಿಂದ ನೋಡಿ ಕೈಯಿಂದ ಬರೆದ ನಕಲು. 1824ರ ಕಿತ್ತೂರಿನ ಸಮರದಲ್ಲಿ ಸೆರೆಸಿಕ್ಕಿದ್ದ ವಾಲ್ಟರ್ ಎಲಿಯಟ್ ಅವರು ಮುಂದಿನ ವರ್ಷಗಳಲ್ಲಿ ಕರ್ನಾಟಕದ 595 ಶಾಸನಗಳನ್ನು ಲಿಪಿಕಾರರಿಂದ ನಕಲು ಮಾಡಿಸಿದರು. ಅವುಗಳ ಆಧಾರದಿಂದ 1837ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಇಂತಹ ನಕಲಿನಲ್ಲಿ ಲಿಪಿಕಾರನಿಗೆ ತಿಳಿದುದು ಮಾತ್ರ ಬರುತ್ತದೆ. ತಿಳಿಯದುದು ಬಿಟ್ಟುಹೋಗುತ್ತದೆ, ಅಥವಾ ತಿಳಿದುದರ ಆಕಾರವನ್ನು ತಾಳುತ್ತದೆ.

ಎರಡನೆಯದು ಛಾಯಾಚಿತ್ರ. ಮೈಸೂರು ಸರ್ಕಾರಕ್ಕಾಗಿ ಮೇಜರ್ ಡಿಕ್ಸನ್ ಅವರು 1865ರಲ್ಲಿ ಶಾಸನಗಳ ಛಾಯಾಚಿತ್ರಗಳನ್ನು ತೆಗೆದರು. ಬಿ. ಎಲ್. ರೈಸ್ ಅವರ 1879ರ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಗ್ರಂಥಕ್ಕೆ ಅವೇ ಮುಖ್ಯ ಆಧಾರ. ಧಾರವಾಡ ಮತ್ತು ಮೈಸೂರು ಸೀಮೆಯ ಶಾಸನಗಳ ಇನ್ನೊಂದು ಛಾಯಾಚಿತ್ರ ಸಂಪುಟ 1866ರಲ್ಲಿ ಹೊರಬಂದಿತು. ಮನುಷ್ಯನ ಕೈ ನಡುವೆ ಬಾರದ ಕಾರಣ ಛಾಯಾಚಿತ್ರವೇ ಕೊನೆಯ ಮಾತೆಂದು ತೋರುವುದು ಸಹಜ. ಆದರೆ ಆರಡಿಯ ಕಲ್ಲು ಒಂದು ಸಣ್ಣ ಫಲಕಕ್ಕೆ ಇಳಿದಾಗ ಅಕ್ಷರಗಳು ಕಿರಿದಾದವು. ಸವೆದ ಕಡೆಗಳಲ್ಲಿ ಬೆಳಕು ನೇರವಾಗಿ ಬಿದ್ದರೆ ಗೆರೆಯೇ ಕಾಣಿಸದಾಯಿತು.

ಮೂರನೆಯದು ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆಯಾದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದು ಅಕ್ಷರದ ತಗ್ಗುಗಳಿಗೆ ಇಳಿಸಿ, ಬಳಿಕ ಮಸಿಯ ಉಂಡೆಯಿಂದ ಒತ್ತುತ್ತಾರೆ. ಮಟ್ಟದ ಭಾಗ ಕಪ್ಪಾಗಿ, ಕೊರೆದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಈ ವಿಧಾನ ಕಲ್ಲಿನ ಅಳತೆಯಲ್ಲಿಯೇ ಪ್ರತಿಯನ್ನು ಕೊಡುತ್ತದೆ. ಪ್ರತಿ ತೆಗೆಯುವವನಿಗೆ ಲಿಪಿ ತಿಳಿದಿರಬೇಕೆಂಬ ನಿಯಮವೂ ಇಲ್ಲ. 1892ರಲ್ಲಿ ರೈಸ್ ಅವರು ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ, ಬರೆದ ಚಪಡನು ‘ಲಿಪಿಕಾರನಿಂದ’ ಎಂಬ ಅರ್ಥದ ಒಂದೇ ಪದವನ್ನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಬ್ರಾಹ್ಮಿಯನ್ನು ಮಾತ್ರ ಬಲ್ಲ ನಕಲುಗಾರ ಇಂತಹ ಪದವನ್ನು ಬಂಡೆಯ ಗೀರುಗಳೆಂದು ಬಿಟ್ಟುಬಿಡಬಹುದು. ಪಡಿಯಚ್ಚಿಗೆ ಆ ಪಕ್ಷಪಾತವಿಲ್ಲ.

ನಿರೀಕ್ಷೆಯ ಬದಲಾವಣೆಯನ್ನು ಒಂದೇ ಗ್ರಂಥದ ಎರಡು ಆವೃತ್ತಿಗಳಲ್ಲಿ ಕಾಣಬಹುದು. ಅಶೋಕನ ಶಾಸನಗಳ ಸಂಪುಟವನ್ನು ಕನ್ನಿಂಗ್‌ಹ್ಯಾಮ್ ಅವರು 1877ರಲ್ಲಿ ಹೊರತಂದಾಗ ಅದರ ಫಲಕಗಳು ಕೈಯಿಂದ ಬಿಡಿಸಿದ ಚಿತ್ರಗಳಾಗಿದ್ದವು. ಆ ಕಾಲಕ್ಕೆ ಅದು ಮಹತ್ತರ ಸಾಧನೆ. ಹುಲ್ಟ್ಸ್ ಅವರು ಅದೇ ಸಂಪುಟವನ್ನು 1925ರಲ್ಲಿ ಹೊಸದಾಗಿ ಸಂಪಾದಿಸಿದಾಗ ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳು ಸೇರಿದುದಲ್ಲದೆ, ಫಲಕಗಳೂ ಪಡಿಯಚ್ಚಿನಿಂದ ಯಾಂತ್ರಿಕವಾಗಿ ತೆಗೆದವಾಗಿದ್ದವು. ಅಂದಿನಿಂದ ಕೈಬರಹದ ಫಲಕವನ್ನು ಸಾಕ್ಷ್ಯವಾಗಿ ಮುಂದಿಡುವುದು ವಿದ್ವತ್ತಿಗೆ ಒಪ್ಪುವ ಕಾರ್ಯವಾಗಿ ಉಳಿಯಲಿಲ್ಲ. ಅರ್ಧ ಶತಮಾನದೊಳಗೆ ‘ಉತ್ತಮ ಪ್ರತಿ’ ಎಂಬ ಮಾತಿನ ಅರ್ಥವೇ ಬೇರೆಯಾಯಿತು.

ಈ ಪ್ರಗತಿಯನ್ನು ಒಪ್ಪುತ್ತಲೇ ಎರಡು ಸಂಗತಿಗಳನ್ನು ಗಮನಿಸಬೇಕಾಗಿದೆ. ಮೊದಲನೆಯದಾಗಿ, ಜೇಮ್ಸ್ ಪ್ರಿನ್ಸೆಪ್ ಅವರು 1837ರಲ್ಲಿ ಬ್ರಾಹ್ಮೀ ಲಿಪಿಯ ರಹಸ್ಯವನ್ನು ಬಿಡಿಸಿದುದು ಕಲ್ಕತ್ತೆಯಲ್ಲಿ ಕುಳಿತು, ಸಾಂಚಿ ಮೊದಲಾದ ಕಡೆಗಳಿಂದ ಇತರರು ಕಳುಹಿಸಿದ ಪ್ರತಿಗಳ ನೆರವಿನಿಂದ. ಇಂದಿನ ಅಳತೆಗೆ ಅವು ಒರಟಾದವು. ಅವರ ಕಾರ್ಯಕ್ಕೆ ಅವು ಸಾಕಾದವು. ಎರಡನೆಯದಾಗಿ, ಮಸ್ಕಿಯ ಶಾಸನದಲ್ಲಿಯೇ ಒಂದು ಪದ ಇಂದಿಗೂ ಚರ್ಚೆಯಲ್ಲಿದೆ. ಅಶೋಕನು ತನ್ನನ್ನು ಕುರಿತು ಹೇಳಿಕೊಂಡ ಆ ಪದವನ್ನು ಹುಲ್ಟ್ಸ್ ಅವರು ‘ಬುಧಶಕೆ’, ಅಂದರೆ ಬುದ್ಧನಾದ ಶಾಕ್ಯನ ಅನುಯಾಯಿ, ಎಂದು ಓದಿದರು. ಇತರ ಊರುಗಳ ಪಾಠಗಳಲ್ಲಿ ಆ ಸ್ಥಾನದಲ್ಲಿ ‘ಉಪಾಸಕ’ ಎಂದಿರುವುದರಿಂದ ಇದೂ ಅದೇ ಪದದ ತಪ್ಪಿದ ರೂಪವೆಂದು ಕೆಲವರ ಅಭಿಪ್ರಾಯ. ಪ್ರತಿ ಎಷ್ಟು ಸೂಕ್ಷ್ಮವಾದರೂ ಈ ವಿವಾದ ಅದರಿಂದಲೇ ತೀರುವುದಿಲ್ಲ. ಅದು ಗೆರೆಯನ್ನು ತೋರಿಸಬಲ್ಲದು. ಕೊರೆದವನ ಉದ್ದೇಶವನ್ನು ತೋರಿಸಲಾರದು. ಅದಕ್ಕೆ ಇತರ ಪಾಠಗಳೊಡನೆ ಹೋಲಿಕೆಯೂ ಭಾಷೆಯ ವಿಚಾರವೂ ಬೇಕು.

2. ಧ್ವನಿಯ ವಿಚಾರ

ಕಲ್ಲಿನ ಬರಹದಲ್ಲಿ ಕಂಡ ಕ್ರಮವೇ ಧ್ವನಿಯಲ್ಲಿ ಇನ್ನೂ ತ್ವರಿತವಾಗಿ ನಡೆಯಿತು. ಕಲ್ಕತ್ತೆಯಲ್ಲಿ 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಅವರು ಗ್ರಾಮಫೋನ್ ಕಂಪನಿಗಾಗಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡರು. ಈ ಗಾಯಕಿ ತಮ್ಮ ಕೊನೆಯ ದಿನಗಳನ್ನು ಮೈಸೂರಿನ ಆಸ್ಥಾನದ ಆಶ್ರಯದಲ್ಲಿ ಕಳೆದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡವರು. ಆ ಕಾಲದ ಮುದ್ರಣದಲ್ಲಿ ಮೈಕ್ ಇರಲಿಲ್ಲ. ದೊಡ್ಡದೊಂದು ಕೊಂಬಿನೊಳಗೆ ಗಟ್ಟಿಯಾಗಿ ಹಾಡಬೇಕು. ಧ್ವನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕು. ತಟ್ಟೆಯೊಂದರ ಅವಧಿ ಸುಮಾರು 3 ನಿಮಿಷ. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಅಷ್ಟರೊಳಗೆ ಅಡಕಗೊಳಿಸಿ, ಕೊನೆಗೆ ಗಾಯಕಿ ತನ್ನ ಹೆಸರನ್ನೂ ಹೇಳಬೇಕಾಗಿತ್ತು. ದೂರದ ಜರ್ಮನಿಯ ಕಾರ್ಖಾನೆಯಲ್ಲಿ ತಟ್ಟೆ ಯಾರದೆಂದು ಗುರುತಿಸಲು ಅದು ನೆರವಾಗುತ್ತಿತ್ತು.

ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಗ್ರಹಿಸಬಲ್ಲದು. ಕೊಂಬಿನ ವಿಧಾನದಲ್ಲಿ ಸುಮಾರು 2,500 ಹರ್ಟ್ಸ್‌ಗಿಂತ ಮೇಲಿನವು ಬಹುಮಟ್ಟಿಗೆ ದಾಖಲಾಗುತ್ತಿರಲಿಲ್ಲ. ಆದರೂ ಅಂದಿನ ಶ್ರೋತೃಗಳು ಅದನ್ನು ಕೊರತೆಯೆಂದು ಭಾವಿಸಲಿಲ್ಲ. ಮಸ್ಕಿಯ ಶಾಸನ ದೊರೆತ 1915ರಲ್ಲಿಯೇ ಅಮೆರಿಕದಲ್ಲಿ ಎಡಿಸನ್ ಕಂಪನಿ ಒಂದು ಬಗೆಯ ಸಾರ್ವಜನಿಕ ಪರೀಕ್ಷೆಗಳನ್ನು ಆರಂಭಿಸಿತು. ವೇದಿಕೆಯಲ್ಲಿ ಗಾಯಕಿ ತನ್ನದೇ ಮುದ್ರಿಕೆಯೊಡನೆ ಹಾಡುವಳು. ದೀಪವಾರಿಸಿದ ಮೇಲೆ ಹಾಡುತ್ತಿರುವುದು ಗಾಯಕಿಯೋ ಯಂತ್ರವೋ ಎಂದು ಸಭಿಕರು ಹೇಳಬೇಕು. ಭೇದ ತಿಳಿಯಲಿಲ್ಲವೆಂದು ಅನೇಕರು ನುಡಿದುದಾಗಿ ಅಂದಿನ ವರದಿಗಳಿವೆ. ಇಂದು ಆ ತಟ್ಟೆಯನ್ನು ಕೇಳಿದವರಾರೂ ಹಾಗೆ ಹೇಳಲಾರರು. 1925ರಿಂದ ವಿದ್ಯುತ್ ಮುದ್ರಣ ಬಂದು, ಸುಮಾರು 5,000 ಹರ್ಟ್ಸ್‌ವರೆಗಿನ ಧ್ವನಿ ತಟ್ಟೆಗೆ ಇಳಿದ ಮೇಲೆ ಕೊಂಬಿನ ತಟ್ಟೆ ‘ಹಳೆಯ ಸದ್ದು’ ಎನಿಸಿತು. 1948ರ ದೀರ್ಘಾವಧಿಯ ತಟ್ಟೆ, 1982ರ ಸಿ.ಡಿ. ಕ್ರಮವಾಗಿ ತಮ್ಮ ಹಿಂದಿನವನ್ನು ಹಾಗೆಯೇ ಹಳೆಯದಾಗಿಸಿದವು.

ಆದರೆ ನಿರೀಕ್ಷೆ ಯಾವಾಗಲೂ ಮೇಲಕ್ಕೇ ಏರುತ್ತದೆಂದು ಹೇಳಲಾಗುವುದಿಲ್ಲ. ಧಾರವಾಡದಲ್ಲಿ 1950ರಲ್ಲಿಯೂ ಕಲಬುರಗಿಯಲ್ಲಿ 1966ರಲ್ಲಿಯೂ ಆಕಾಶವಾಣಿ ಕೇಂದ್ರಗಳು ಆರಂಭವಾದ ಮೇಲೆ ಉತ್ತರ ಕರ್ನಾಟಕದ ಮನೆಗಳಿಗೆ ಹಾಡು, ನಾಟಕ, ಕೃಷಿಯ ಮಾತು ಬಂದುದು ಮಧ್ಯಮ ತರಂಗದ ಮೂಲಕ. ರಾತ್ರಿಯ ಹೊತ್ತು ದೂರದ ಕೇಂದ್ರಗಳ ಸದ್ದು ಬೆರೆಯುತ್ತಿತ್ತು, ಧ್ವನಿ ಏರಿಳಿಯುತ್ತಿತ್ತು. ಕೇಳುವವರು ಕರಕರ ಸದ್ದನ್ನು ಕಿವಿಯಿಂದಲೇ ಸೋಸಿ ಮಾತನ್ನು ಹಿಡಿಯುತ್ತಿದ್ದರು. 1980ರ ದಶಕದಲ್ಲಿ ಹರಡಿದ ಕ್ಯಾಸೆಟ್ಟಿನ ಧ್ವನಿ ದೀರ್ಘಾವಧಿಯ ತಟ್ಟೆಗಿಂತ ಕೆಳಮಟ್ಟದ್ದು. ಆದರೆ ಅದರ ಬೆಲೆ ಕಡಮೆ, ಮುದ್ರಿಸಿಕೊಳ್ಳುವುದು ಸುಲಭ. ದೊಡ್ಡ ಕಂಪನಿಗಳ ಕಣ್ಣಿಗೆ ಬೀಳದಿದ್ದ ತತ್ವಪದ, ಭಜನೆ, ಬಯಲಾಟದ ಪದಗಳು ಸಂತೆಯಲ್ಲಿ ಸಿಗುವಂತಾದುದು ಆ ಕೀಳು ದರ್ಜೆಯ ಧ್ವನಿಯಿಂದಲೇ. ಸ್ಪಷ್ಟತೆಯ ದೃಷ್ಟಿಯಿಂದ ಅದು ಹಿನ್ನಡೆ. ನಮ್ಮ ಜನಪದದ ದಾಖಲೆಯ ದೃಷ್ಟಿಯಿಂದ ಅದು ದೊಡ್ಡ ಲಾಭ.

ಚರಿತ್ರಕಾರನಿಗೆ ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಹಳೆಯ ಮುದ್ರಿಕೆಗಳನ್ನು ಇಂದಿನ ಕಿವಿಗೆ ಒಪ್ಪುವಂತೆ ಯಂತ್ರದಿಂದ ‘ಶುದ್ಧಿ’ ಮಾಡುವ ರೂಢಿ ಬೆಳೆದಿದೆ. ಸಿಳ್ಳಿನಂತಹ ಸದ್ದನ್ನು ತೆಗೆಯಹೋದಾಗ ಅದೇ ಮೇಲ್ಮಟ್ಟದ ಕಂಪನಗಳಲ್ಲಿ ನೆಲೆಸಿರುವ ಸ, ಶ ಮೊದಲಾದ ವ್ಯಂಜನಗಳೂ ಕುಂದುತ್ತವೆ. ಹಾಡನ್ನು ಆನಂದಿಸುವವನಿಗೆ ಅದು ದೊಡ್ಡ ನಷ್ಟವಲ್ಲದಿರಬಹುದು. ಒಂದು ಸೀಮೆಯ ನುಡಿಯಲ್ಲಿ ಈ ಎರಡು ಅಕ್ಷರಗಳ ಉಚ್ಚಾರಣೆ ಹೇಗಿತ್ತೆಂದು ವಿಚಾರಿಸುವವನಿಗೆ ಅದು ಮೂಲವನ್ನೇ ಅಳಿಸಿದಂತೆ. ಶಾಸನದ ಫಲಕವನ್ನು ಅಚ್ಚಿಗೆ ಕೊಡುವ ಮೊದಲು ಕೈಯಿಂದ ತಿದ್ದಿ ಅಂದಗೊಳಿಸುವುದು ಎಷ್ಟು ದೋಷವೋ ಇದೂ ಅಷ್ಟೇ ದೋಷ.

3. ಹಳ್ಳಿಗೆ ಬಂದ ತೆರೆ

ಎರಡನೆಯ ಪ್ರಸಂಗ ಮತ್ತೆ ರಾಯಚೂರು ಜಿಲ್ಲೆಯದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷಕಾಲ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ ನಡೆಯಿತು; ಅದನ್ನು ‘ಸೈಟ್’ ಎಂದು ಸಂಕ್ಷೇಪವಾಗಿ ಕರೆಯುತ್ತಾರೆ. ವಿಕ್ರಂ ಸಾರಾಭಾಯಿ ಅವರು ಕಲ್ಪಿಸಿ, ಅವರ ನಿಧನಾನಂತರ ಇಸ್ರೋ ಸಂಸ್ಥೆ ಕಾರ್ಯಗತಗೊಳಿಸಿದ ಈ ಯೋಜನೆಗೆ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆಯಲಾಗಿತ್ತು. 6 ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾದವು. ಕರ್ನಾಟಕದಿಂದ ಸೇರಿದವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಇಂದಿನ ಕೊಪ್ಪಳ ಜಿಲ್ಲೆಯೂ ಆಗ ರಾಯಚೂರಿನಲ್ಲಿಯೇ ಇತ್ತು. ಬೆಂಗಳೂರು ನಗರಕ್ಕೂ ಇನ್ನೂ ದೂರದರ್ಶನ ಬಾರದಿದ್ದ ಕಾಲದಲ್ಲಿ ಈ ಹಿಂದುಳಿದ ಸೀಮೆಯ ಹಳ್ಳಿಗಳು ಆಕಾಶದಿಂದ ನೇರವಾಗಿ ಚಿತ್ರವನ್ನು ಪಡೆದವು.

ಉಪಕರಣ ಸರಳವಾಗಿತ್ತು. ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ಮಾಡಿದ ಸುಮಾರು 3 ಮೀಟರ್ ಅಗಲದ ತಟ್ಟೆಯಾಕಾರದ ಆಂಟೆನಾ; ಸಾರ್ವಜನಿಕ ಸ್ಥಳದಲ್ಲಿ ಒಂದು ಕಪ್ಪು ಬಿಳುಪಿನ ಸೆಟ್ಟು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಕೃಷಿ, ಆರೋಗ್ಯ, ಕುಟುಂಬ ಯೋಜನೆಗಳು ಮುಖ್ಯ ವಿಷಯಗಳು. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು.

ಭಾರತದ ಅಂದಿನ ದೂರದರ್ಶನದ ಚಿತ್ರ 625 ಗೆರೆಗಳದು. ಅವುಗಳಲ್ಲಿ ತೆರೆಯ ಮೇಲೆ ಕಾಣುವವು ಸುಮಾರು 576. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ಆ ಮಟ್ಟದ ಚಿತ್ರ ಹೆಚ್ಚೆಂದರೆ 720ಕ್ಕೆ 576, ಅಂದರೆ ಸುಮಾರು 4.15 ಲಕ್ಷ ಚುಕ್ಕೆಗಳಿಗೆ ಸಮಾನ. ಈಗಿನ ಹೆಚ್.ಡಿ. ತೆರೆಯಲ್ಲಿ 1920ಕ್ಕೆ 1080, ಅಂದರೆ 20 ಲಕ್ಷಕ್ಕೂ ಮಿಕ್ಕ ಚುಕ್ಕೆಗಳಿವೆ. 4ಕೆ ಎಂಬ ತೆರೆಯಲ್ಲಿ ಅದರ ನಾಲ್ಕು ಪಟ್ಟು, ಸುಮಾರು 83 ಲಕ್ಷ. ಒಂದೇ ಸೆಟ್ಟಿನ ಮುಂದೆ ಹತ್ತಾರು ಜನ ನೆಲದ ಮೇಲೆ ಕುಳಿತು ನೋಡುವಾಗ ಹಿಂದಿನ ಸಾಲಿನವರಿಗೆ ಆ 4 ಲಕ್ಷವೂ ಪೂರ್ಣವಾಗಿ ಕಾಣುತ್ತಿರಲಿಲ್ಲವೆಂಬುದು ಊಹಿಸಲು ಕಷ್ಟವಲ್ಲ.

ಹಾಗಿದ್ದರೂ ಪ್ರಯೋಗದ ಸಫಲತೆ ಚಿತ್ರದ ಸೂಕ್ಷ್ಮತೆಯಿಂದ ನಿರ್ಧಾರವಾಗಲಿಲ್ಲ. ಸಂಜೆ ಸೆಟ್ಟು ನಡೆಯುತ್ತದೆಯೇ, ವಿದ್ಯುತ್ತು ಇರುತ್ತದೆಯೇ, ಕೆಟ್ಟರೆ ದುರಸ್ತಿಯವನು ಬರುತ್ತಾನೆಯೇ, ಹೇಳಿದ ಮಾತು ಅರ್ಥವಾಗುತ್ತದೆಯೇ ಎಂಬುವೇ ಮುಖ್ಯ ಪ್ರಶ್ನೆಗಳಾಗಿದ್ದವು. ಮೊದಮೊದಲು ನೆರೆದ ದೊಡ್ಡ ಗುಂಪುಗಳು ಕುತೂಹಲ ತಣಿದ ಮೇಲೆ ಇಳಿಮುಖವಾದವು. ಚಿತ್ರದ ಮಟ್ಟ ಮೊದಲಿನಂತೆಯೇ ಇದ್ದುದರಿಂದ ಇದಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕು. ದೂರದ ಸ್ಟುಡಿಯೋದಲ್ಲಿ ಸಿದ್ಧವಾಗಿ ಮೂರು ಜಿಲ್ಲೆಗಳಿಗೂ ಒಂದೇ ಎಂದು ಬಂದ ಪಾಠ, ಎರೆಹೊಲದ ಒಕ್ಕಲಿಗನ ಆ ವಾರದ ಚಿಂತೆಗೆ ಎಷ್ಟು ಸಮೀಪವಾಗಿತ್ತು ಎಂಬುದೇ ನಿಜವಾದ ಗುಣದ ಪ್ರಶ್ನೆ.

ಇದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ, ಪಿಜ್ ಎಂಬ ಊರಿನ ಸಣ್ಣ ಪ್ರಸಾರ ಕೇಂದ್ರದಿಂದ ನಡೆದ ಪ್ರಯೋಗ ಈ ಪ್ರಶ್ನೆಗೆ ಬೆಳಕು ಬೀರುತ್ತದೆ. ಅಲ್ಲಿ ಹಗುರವಾದ, ವೃತ್ತಿಪರ ಸ್ಟುಡಿಯೋದ ಮಟ್ಟಕ್ಕಿಂತ ಕೆಳಗಿನ ಯಂತ್ರಗಳನ್ನು ಹಳ್ಳಿಗೇ ಒಯ್ದು, ಆ ಸೀಮೆಯ ಚರೋತರಿ ನುಡಿಯಲ್ಲಿ, ಹಳ್ಳಿಯವರನ್ನೇ ಸೇರಿಸಿಕೊಂಡು ಕಾರ್ಯಕ್ರಮಗಳನ್ನು ಮಾಡಿದರು. ಗ್ರಾಮೀಣ ಸಂಪರ್ಕದ ಸಾಧನೆಗಾಗಿ ಆ ಯೋಜನೆಗೆ 1984ರಲ್ಲಿ ಯುನೆಸ್ಕೋದ ಬಹುಮಾನ ಸಂದಿತು. ಯಂತ್ರದ ದರ್ಜೆ ಕೆಳಗಿದ್ದೂ ಕಾರ್ಯದ ದರ್ಜೆ ಮೇಲಿರಬಹುದು ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕಿಲ್ಲ.

ಸೈಟ್ ಮುಗಿದ ಬಳಿಕ 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದಿತು. 1982ರಲ್ಲಿ ದೂರದರ್ಶನ ಬಣ್ಣವನ್ನು ಪಡೆಯಿತು. ಬಣ್ಣದ ಚಿತ್ರವನ್ನು ಒಮ್ಮೆ ನೋಡಿದವರಿಗೆ ಕಪ್ಪು ಬಿಳುಪಿನ ಸೆಟ್ಟು ಬಡತನದ ಗುರುತಾಯಿತು. ಅದುವರೆಗೆ ಅದು ಊರಿನ ಹೆಮ್ಮೆಯಾಗಿತ್ತು. ಇಂದು ಗುರುಗುಂಟೆಯಂತಹ ಊರಿನ ಹುಡುಗನ ಅಂಗೈಯ ಫೋನಿನಲ್ಲಿರುವ ಚುಕ್ಕೆಗಳು ಆ ಸಾಮೂಹಿಕ ಸೆಟ್ಟಿನ ಚಿತ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಚಿತ್ರ ಸೂಕ್ಷ್ಮವಾಯಿತು, ನೋಡುವ ಗುಂಪು ಕಿರಿದಾಯಿತು. ಹಿಂದೆ ಚಿತ್ರ ನಿಂತುಹೋದರೆ ಊರೆಲ್ಲ ಕಾಯುತ್ತಿತ್ತು. ಈಗ ಕ್ಷಣಕಾಲ ಮಸುಕಾದರೆ ನೋಡುವವನು ಬೇರೆಯದಕ್ಕೆ ಸರಿಯುತ್ತಾನೆ. ತಾಳ್ಮೆಯ ಈ ಇಳಿತವೂ ನಿರೀಕ್ಷೆಯ ಚರಿತ್ರೆಗೆ ಸೇರಿದ ಸಂಗತಿಯೇ.

4. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆಂದು ನಾವು ತಿಳಿಯುತ್ತೇವೆ. ಮೊದಲನೆಯದು: ಕೊರತೆಯೆಂಬುದು ಹೋಲಿಕೆಯಿಂದ ಹುಟ್ಟುವಂಥದು. ಪಡಿಯಚ್ಚು ಬರುವವರೆಗೆ ಕೈನಕಲು ಕೊರತೆಯದಾಗಿರಲಿಲ್ಲ. ವಿದ್ಯುತ್ ಮುದ್ರಣ ಬರುವವರೆಗೆ ಕೊಂಬಿನ ತಟ್ಟೆ ಕೊರತೆಯದಾಗಿರಲಿಲ್ಲ. ಆದ್ದರಿಂದ ಹಿಂದಿನವರ ಶ್ರಮವನ್ನು ಇಂದಿನ ತೆರೆಯ ಮುಂದೆ ಇಟ್ಟು ತೂಗುವುದು ನ್ಯಾಯವಲ್ಲ. ಎರಡನೆಯದು: ಸೂಕ್ಷ್ಮತೆ ಗುಣದ ಒಂದು ಮುಖ ಮಾತ್ರ. ತಲುಪುವಿಕೆ, ಅರ್ಥವಾಗುವಿಕೆ, ಬಾಳಿಕೆ ಇವೂ ಗುಣಗಳೇ. ಒಂದು ಏರುವಾಗ ಇನ್ನೊಂದು ಇಳಿಯಬಹುದು. ಮೂರನೆಯದು: ಹೊಸ ಪ್ರತಿ ಹಳೆಯ ಪ್ರತಿಯನ್ನು ಅನಾವಶ್ಯಕಗೊಳಿಸುವುದಿಲ್ಲ.

ಈ ಕೊನೆಯ ಮಾತು ನಮ್ಮ ಕಾಲದಲ್ಲಿ ವಿಶೇಷ ಮಹತ್ವದ್ದು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನ್ ವಿಧಾನದಿಂದ ದಾಖಲಿಸುವ ಕಾರ್ಯವನ್ನು ಕೈಗೊಂಡಿತು. ಬರಿಯ ಕಣ್ಣಿಗೆ ಕಾಣದ ಗೆರೆಗಳನ್ನೂ ಈ ವಿಧಾನ ತೆರೆಯ ಮೇಲೆ ಎತ್ತಿ ತೋರಿಸುತ್ತದೆ. ಹಿಂದಿನ ಪಾಠಗಳನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸಲು ಅನುವಾಗುತ್ತದೆ. ಇದು ಸ್ವಾಗತಾರ್ಹ. ಆದರೆ ಸ್ಕ್ಯಾನ್ ಮಾಡಲು ಕಲ್ಲು ಉಳಿದಿರಬೇಕು. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಸಂಗ್ರಹಿಸಿದ ಸುಮಾರು 9,000 ಶಾಸನಗಳಲ್ಲಿ ಕಟ್ಟಡಗಳ ಅಡಿಪಾಯಕ್ಕೂ ರಸ್ತೆಗೂ ಸೇರಿ ಕಣ್ಮರೆಯಾದವು ಅನೇಕ. ಅವುಗಳ ಪಾಲಿಗೆ ಹಳೆಯ ಪ್ರತಿಯೇ ಏಕೈಕ ಸಾಕ್ಷಿ. ಎಲಿಯಟ್ ಅವರ ಲಿಪಿಕಾರರು ಬರೆದ ದೋಷಯುಕ್ತ ನಕಲು ಸಹ, ಮೂಲ ಕಲ್ಲು ಇಲ್ಲದ ಕಡೆ, ಯಾವ ಸೂಕ್ಷ್ಮಯಂತ್ರವೂ ಕೊಡಲಾರದುದನ್ನು ಕೊಡುತ್ತದೆ.

ಆದಕಾರಣ ಅಧ್ಯಾಪಕರು ವಿದ್ಯಾರ್ಥಿಗಳ ಮುಂದೆ ಚಿತ್ರವನ್ನಾಗಲಿ ಧ್ವನಿಯನ್ನಾಗಲಿ ಇಡುವಾಗ ಅದು ಎಷ್ಟು ಸ್ಪಷ್ಟವೆಂಬುದಕ್ಕಿಂತ ಮೊದಲು ಅದನ್ನು ಯಾರು, ಯಾವಾಗ, ಯಾವ ವಿಧಾನದಿಂದ, ಯಾವ ಉದ್ದೇಶಕ್ಕೆ ತೆಗೆದರು, ಬಳಿಕ ಅದರಲ್ಲಿ ಏನನ್ನು ತಿದ್ದಲಾಯಿತು ಎಂಬುದನ್ನು ತಿಳಿಸುವುದು ಉಚಿತ. ಊರಿನ ಹಿರಿಯರಿಂದ ಮುದ್ರಿಸಿಕೊಂಡ ಹಳೆಯ ಕ್ಯಾಸೆಟ್ಟುಗಳೂ, ಅಂಚು ಹರಿದ ಪಡಿಯಚ್ಚುಗಳೂ ನಮ್ಮ ಕಾಲೇಜುಗಳ ಕಪಾಟುಗಳಲ್ಲಿದ್ದರೆ ಅವುಗಳಿಂದ ಹೊಸ ಪ್ರತಿಯನ್ನು ತೆಗೆದಿಟ್ಟುಕೊಳ್ಳೋಣ. ಮೂಲವನ್ನು ಮಾತ್ರ, ಅದು ಎಷ್ಟೇ ಮಸುಕಾಗಿದ್ದರೂ, ಎಸೆಯದಿರೋಣ. ಇಂದಿನ ಸೂಕ್ಷ್ಮ ಪ್ರತಿಯೂ ಮುಂದಿನವರ ಕಣ್ಣಿಗೆ ಒರಟಾಗಿ ಕಾಣುವ ದಿನ ಬರುತ್ತದೆ. ಆಗ ಅವರು ನೋಡಬಯಸುವುದು ನಾವು ಅಂದಗೊಳಿಸಿದ ಪ್ರತಿಯನ್ನಲ್ಲ, ನಾವು ಉಳಿಸಿದ ಮೂಲವನ್ನು.